ನಡುಗುವ ಅಂಬಾಸಿಡರ್

ಕುಂದಗೋಳ ತಾಲೂಕಿನ ಆ ಹಳ್ಳಿಯಲ್ಲಿ 1995ರಲ್ಲಿ ಇದ್ದದ್ದು ಒಂದೇ ಕಾರು. 1974ರ ಮಾಡೆಲ್ಲಿನ ಅಂಬಾಸಿಡರ್ ಮಾರ್ಕ್ 2. ಹತ್ತಿ ಚೆನ್ನಾಗಿ ಬಂದ ವರ್ಷ ಅಜ್ಜ ಕೊಂಡಿದ್ದು. ಗೌಡರ ಮನೆಯ ಕಾರೆಂದು ಹೆಸರಿಗಷ್ಟೆ. ಹಾವು ಕಡಿದವರು, ಹೆರಿಗೆಯ ಹೆಂಗಸರು, ಮದುವೆಯ ಮಕ್ಕಳು ಎಲ್ಲರೂ ಅದರಲ್ಲೇ ಹುಬ್ಬಳ್ಳಿ ಕಂಡವರು.

ಪೆಟ್ರೋಲ್ ಎಂಜಿನ್ ಸವೆದು, ಓಡಿದಷ್ಟೂ ನೀಲಿ ಹೊಗೆ ಉಗುಳತೊಡಗಿದಾಗ ಅಜ್ಜನ ಮಗ, ಅಂದರೆ ಈಗಿನ ಯಜಮಾನರು, ಆ ವರ್ಷದ ಮೆಣಸಿನಕಾಯಿ ದುಡ್ಡಿನಲ್ಲಿ ಹಳೆಯ ಡೀಸೆಲ್ ಎಂಜಿನ್ ಒಂದನ್ನು ಕೂಡಿಸಿದರು. ಆಗ ನಮ್ಮ ಕಡೆ ಇದು ಹೊಸ ಸಂಗತಿಯೇನಲ್ಲ. ಡೀಸೆಲ್ ಅಗ್ಗ, ಹುಬ್ಬಳ್ಳಿಯ ಮಿಸ್ತ್ರಿಗಳ ಕೈ ಪಳಗಿತ್ತು. ಆರ್‌ಸಿ ಪುಸ್ತಕದಲ್ಲಿ ದಾಖಲಾಗಬೇಕೆಂಬ ನಿಯಮ ಅನೇಕರಿಗೆ ನೆನಪಾಗುತ್ತಿದ್ದುದು ಪೊಲೀಸರು ಕೈ ಅಡ್ಡ ಹಾಕಿದಾಗಲೇ. ಗೌಡರು ಮಾತ್ರ ಅದನ್ನೂ ಮಾಡಿಸಿದರು.

ಗಾಡಿ ಮನೆಗೆ ಬಂತು. ಬಂದ ದಿನದಿಂದ ನಡುಕ. ನಿಂತಲ್ಲಿ ಗಾಜುಗಳು ಗಡಗಡ. ಓಡುವಾಗ 55 ಕಿಲೋಮೀಟರ್ ವೇಗ ಮುಟ್ಟಿದರೆ ಸೀಟಿನ ಕೆಳಗಿನಿಂದ ಗುಂಯ್ ಎಂಬ ನಾದ, ಪಾದಕ್ಕೆ ಇರುವೆ ಹರಿದಂತೆ. ಹಿರಿಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬಲು ಇಪ್ಪತ್ತು ದಿನವೂ ಉಳಿದಿರಲಿಲ್ಲ.

“ಡೀಸೆಲ್ ಅಂದಮ್ಯಾಲೆ ನಡಗೂದ ಗೌಡ್ರ,” ಎಂದರು ಮಿಸ್ತ್ರಿ. ಅದು ಅರ್ಧ ಸತ್ಯ. ಪೆಟ್ರೋಲ್ ಎಂಜಿನ್ ತನ್ನ ಮಿಶ್ರಣವನ್ನು ಸುಮಾರು ಎಂಟರಲ್ಲಿ ಒಂದು ಭಾಗಕ್ಕೆ ಅದುಮಿದರೆ, ಡೀಸೆಲ್ ಎಂಜಿನ್ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಅದುಮುತ್ತದೆ. ಪ್ರತಿ ಸಿಡಿತದ ಪೆಟ್ಟೂ ಜೋರು. ನಿಮಿಷಕ್ಕೆ 800 ಸುತ್ತಿನ ಐಡಲಿನಲ್ಲಿ ನಾಲ್ಕು ಸಿಲಿಂಡರುಗಳು ಸೆಕೆಂಡಿಗೆ ಸುಮಾರು 27 ಪೆಟ್ಟು ಕೊಡುತ್ತವೆ. ಆ ಪೆಟ್ಟು ಬಾಡಿಗೆ ತಗುಲದಂತೆ ತಡೆಯಲೆಂದೇ ಎಂಜಿನ್ನಿನ ಕೆಳಗೆ ಫೌಂಡೇಶನ್ ರಬ್ಬರ್ ಇರುತ್ತದೆ. ಇಲ್ಲಿ ರಬ್ಬರಿನ ಬದಲು ಹಳೆಯ ಟೈರಿನ ತುಂಡು ಕೂತಿತ್ತು. ಕಲ್ಲಿನಂಥ ಗಟ್ಟಿ. ಅದನ್ನು ತೆಗೆದು ಸರಿಯಾದ ರಬ್ಬರ್ ಹಾಕಿದ್ದೇ ನಿಂತಲ್ಲಿಯ ನಡುಕ ಮುಕ್ಕಾಲು ಪಾಲು ಇಳಿಯಿತು.

ಆದರೆ 55ರ ಗುಂಯ್ ಕದಲಲಿಲ್ಲ. ಟೈರು ಅದಲು ಬದಲು ಮಾಡಿ ನೋಡಿದ್ದಾಯಿತು. ಎಂಜಿನ್ ಮಾರಿದವನೇ ಮೋಸ ಮಾಡಿದ್ದಾನೆಂದು ಗೌಡರು ತೀರ್ಮಾನಿಸಿ, ಗಾಡಿಯನ್ನು ಗುಜರಿಗೆ ಹಾಕುವ ಮಾತು ತೆಗೆದರು. ಅಜ್ಜ ಎರಡು ಹೊತ್ತು ಉಣ್ಣಲಿಲ್ಲ.

ಮನೆಯಲ್ಲಿ ಇನ್ನೊಂದು ಮೌನವೂ ಇತ್ತು. ಕಿರಿಮಗ ಆ ವರ್ಷ ಪಿಯುಸಿ ಎರಡನೆಯ ವರ್ಷದಲ್ಲಿ ಭೌತಶಾಸ್ತ್ರಕ್ಕೆ ಕುಂತುಬಿಟ್ಟಿದ್ದ. ಫಲಿತಾಂಶ ಬಂದಂದಿನಿಂದ ತಂದೆ ಅವನೊಡನೆ ಮಾತಾಡಿದ್ದು ಎತ್ತಿಗೆ ನೀರು ಕುಡಿಸುವ ವಿಷಯವನ್ನಷ್ಟೇ. ಹುಡುಗ ಪುಸ್ತಕ ಹಿಡಿದಂತೆ ಮಾಡಿ ಗ್ಯಾರೇಜಿನಲ್ಲಿ ಕೂರುತ್ತಿದ್ದ. ಫೇಲಾದ ಮಕ್ಕಳು ಎಲ್ಲಿ ಕೂರುತ್ತಾರೆಂದು ತಂದೆತಾಯಿಗಳು ಒಮ್ಮೆ ಹೋಗಿ ನೋಡಿದರೆ ಕೆಟ್ಟದ್ದೇನಿಲ್ಲ.

“ಅಪ್ಪಾ, ಮಾರೂದಕ್ಕ ಮೊದಲ ಒಮ್ಮೆ ನ್ಯೂಟ್ರಲ್ ಮಾಡಿ ನೋಡೂಣು,” ಎಂದ ಒಂದು ಸಂಜೆ. ಗೌಡರು ಉತ್ತರ ಕೊಡಲಿಲ್ಲ. ಬೀಗದ ಕೈ ಮಾತ್ರ ತೆಗೆದುಕೊಂಡರು.

ಹುಬ್ಬಳ್ಳಿ ರಸ್ತೆ ಖಾಲಿ ಇದ್ದ ಹೊತ್ತು. ಗೌಡರ ಕೈಯಲ್ಲಿ ಸ್ಟೇರಿಂಗ್, ಹಿಂದೆ ಅಜ್ಜ, ಪಕ್ಕದಲ್ಲಿ ನೋಟ್‌ಬುಕ್ಕಿನೊಂದಿಗೆ ಹುಡುಗ. ಅರವತ್ತಕ್ಕೆ ಏರಿಸಿ, ಎಂಜಿನ್ ಆರಿಸದೆ, ಗೇರು ನ್ಯೂಟ್ರಲಿಗೆ ಹಾಕಿದರು. ಎಂಜಿನ್ನಿನ ಸದ್ದು ಐಡಲಿಗೆ ಇಳಿಯಿತು. ಮುಳ್ಳು 55ಕ್ಕೆ ಬಂದಾಗ ಗುಂಯ್ ಎಂಬ ನಾದ ಮಾತ್ರ ಹಾಗೆಯೇ ಬಂತು.

ಎಂಜಿನ್ ತಪ್ಪಿತಸ್ಥನಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು. ವಿದ್ಯಾರ್ಥಿಗಳು ಇಲ್ಲಿ ತುಸು ನಿಲ್ಲಬೇಕು. ಟಾಪ್ ಗೇರಿನಲ್ಲಿ ಎಂಜಿನ್ನೂ ಪ್ರೊಪೆಲ್ಲರ್ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ ಟಾಪ್ ಗೇರಿನಲ್ಲಿ ಎಷ್ಟು ಸಲ ಓಡಿಸಿದರೂ ನಡುಕ ಇಬ್ಬರಲ್ಲಿ ಯಾರದೆಂದು ತಿಳಿಯುವುದಿಲ್ಲ. ಇಬ್ಬರನ್ನೂ ಬೇರ್ಪಡಿಸಬೇಕು. ಮೂರನೆಯ ಗೇರಿನಲ್ಲೂ ನೋಡಿದರು. ಎಂಜಿನ್ ಹೆಚ್ಚು ಸುತ್ತಿದರೂ ನಾದ ಬಂದದ್ದು ಅದೇ 55ಕ್ಕೆ.

ಉಳಿದದ್ದು ಚಕ್ರ ಮತ್ತು ಶಾಫ್ಟ್. ಹುಡುಗ ಹಗ್ಗದಿಂದ ಚಕ್ರದ ಸುತ್ತಳತೆ ಅಳೆದ: ಎರಡು ಮೀಟರಿಗೆ ತುಸು ಹೆಚ್ಚು. 55 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರಿನಷ್ಟು. ಚಕ್ರ ಏಳೂವರೆ ಸುತ್ತು. ಹಿಂದಿನ ಎರಡೂ ಚಕ್ರ ಎತ್ತಿ ನಿಲ್ಲಿಸಿ, ಸುಣ್ಣದ ಗುರುತಿಟ್ಟು ತಿರುಗಿಸಿದ. ಚಕ್ರದ ಒಂದು ಸುತ್ತಿಗೆ ಶಾಫ್ಟಿನದು ಸುಮಾರು ನಾಲ್ಕೂವರೆ. ಅಂದರೆ ಶಾಫ್ಟ್ ಸೆಕೆಂಡಿಗೆ 33 ಸುತ್ತಿನ ಆಸುಪಾಸು. ಚಕ್ರದ ದೋಷವಾದರೆ ಸೆಕೆಂಡಿಗೆ ಏಳೆಂಟು ಸಲ ಕುಲುಕಬೇಕು, ಅದು ನಾದವಾಗುವುದಿಲ್ಲ.

“ಖರ್ಜದ ತಂತಿ ಮಿಡಿದ್ಹಂಗ ಆಗತೈತಿ ನೋಡೋ,” ಎಂದಿದ್ದರು ಅಜ್ಜ, ಹಿಂದಿನ ಸೀಟಿನಿಂದ. ಕುಂದಗೋಳದ ಸಂಗೀತೋತ್ಸವದಲ್ಲಿ ರಾತ್ರಿಯೆಲ್ಲ ಕೂತವರು. (ಅದೇ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ಪಂಡಿತ ಭೀಮಸೇನ ಜೋಶಿಯವರಿಗೂ ಕಾರಿನ ಹುಚ್ಚು, ರಿಪೇರಿಯ ಒಳ್ಳೆಯ ತಿಳಿವಳಿಕೆ ಇತ್ತು.) ಬಿಳಿ ಒಂದರ ಶ್ರುತಿಯ ತಂಬೂರಿಯಲ್ಲಿ ಖರ್ಜದ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. 33ರ ಎರಡರಷ್ಟು! ಶಾಫ್ಟಿನ ಒಂದು ಸುತ್ತಿಗೆ ಎರಡು ಪೆಟ್ಟು. 33 ಕೂಡ ಅದೇ ಸ್ವರದ ಕೆಳಗಿನ ಸಪ್ತಕವಾದ್ದರಿಂದ ಕಿವಿಯ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವಂಥದ್ದಲ್ಲ. ಆದರೂ ಎಲ್ಲಿ ನೋಡಬೇಕೆಂಬುದು ಸಿಕ್ಕಿತು.

ಒಂದು ಸುತ್ತಿಗೆ ಎರಡು ಪೆಟ್ಟು ಕೊಡುವುದು ಶಾಫ್ಟಿನ ತುದಿಯ ಕ್ರಾಸ್ ಕೀಲು. ಸ್ಪ್ರಿಂಗಿನ ನಿಯಮದಿಂದ ನಮ್ಮ ಮಕ್ಕಳಿಗೆ ಪರಿಚಿತರಾದ 17ನೆಯ ಶತಮಾನದ ರಾಬರ್ಟ್ ಹುಕ್ ಅವರ ಹೆಸರೇ ಈ ಕೀಲಿಗೂ ಇದೆ. ಕೋನದಲ್ಲಿ ಬಾಗಿ ತಿರುಗುವಾಗ ಇದು ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನವಾಗುತ್ತದೆ. ಮುಂದಿನ ಕೀಲು ಮಾಡಿದ ಈ ಏರುಪೇರನ್ನು ಹಿಂದಿನ ಕೀಲು ಅಳಿಸುತ್ತದೆ. ಆದರೆ ಎರಡು ಷರತ್ತು: ಎರಡೂ ಕಡೆಯ ಕೋನ ಸಮವಿರಬೇಕು, ಶಾಫ್ಟಿನ ಎರಡೂ ತುದಿಯ ಕವೆಗಳು ಒಂದೇ ಸಮತಲದಲ್ಲಿರಬೇಕು.

ಮರುದಿನ ಹುಡುಗ ಗಾಡಿಯ ಕೆಳಗೆ ಮಲಗಿ ಕೂಗಿದ, “ಚಾಚಾ, ಈ ಶಾಫ್ಟ್ ಕೊಯ್ದಿದ್ರೇನು?”

ಕೊಯ್ದಿದ್ದರು. ಎಂಜಿನ್ನಿನೊಂದಿಗೆ ಬಂದ ಗೇರ್‌ಬಾಕ್ಸ್ ಬೇರೆ ಗಾಡಿಯದು, ಹಳೆಯ ಶಾಫ್ಟ್ ನಾಲ್ಕು ಬೆರಳು ಉದ್ದವಾಗಿತ್ತು. ಲೇಥಿಗೆ ಕಳಿಸಿ ಕೊಯ್ಸಿ ಬೆಸೆಸಿದ್ದರು. ಬೆಸೆಯುವಾಗ ಒಂದು ಕವೆ ತಿರುವಿ ಕೂತಿತ್ತು. ಮಿಸ್ತ್ರಿ ಪಟ್ಟಿ ಇಟ್ಟು ನೋಡಿದರು, ಟೋಪಿ ತೆಗೆದು ತಲೆ ಕೆರೆದುಕೊಂಡರು. “ಗೌಡ್ರ, ತಪ್ಪು ನಂದ. ಹುಡುಗ ಹೇಳೂದು ಖರೇ ಐತಿ,” ಎಂದರು. ಹಾಗೆನ್ನುವ ಕಸುಬುದಾರರು ಆಗಲೂ ಕಡಿಮೆ. ಕವೆ ನೇರ ಮಾಡಿಸಿ, ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಿ, ತಮ್ಮ ಖರ್ಚಿನಲ್ಲೇ ಕೂಡಿಸಿಕೊಟ್ಟರು.

ಗೌಡರು ಮಗನ ಬೆನ್ನು ತಟ್ಟಲಿಲ್ಲ, ಅವರ ಸ್ವಭಾವವಲ್ಲ ಅದು. ಆ ರಾತ್ರಿ ಊಟಕ್ಕೆ ಕೂತಾಗ, “ಆ 33ರ ಲೆಕ್ಕ ಇನ್ನೊಮ್ಮೆ ಹೇಳು,” ಎಂದರು. ಹುಡುಗ ರೊಟ್ಟಿಯ ಬುಟ್ಟಿಯನ್ನೇ ಚಕ್ರ ಮಾಡಿ ಹೇಳಿದ. ಎರಡು ಸಲ ಹೇಳಬೇಕಾಯಿತು.

ಆರನೆಯ ದಿನ ನಡುರಾತ್ರಿ ಹಿರಿಮಗಳಿಗೆ ನೋವು ಬಂತು. ಗಾಡಿ ಅರವತ್ತರಲ್ಲಿ ಹುಬ್ಬಳ್ಳಿಗೆ ಓಡಿತು. ಹಿಂದಿನ ಎಡಬಾಗಿಲಿನ ಗಾಜು ಮಾತ್ರ ದಾರಿಯುದ್ದಕ್ಕೂ ಗಡಗಡ ಅನ್ನುತ್ತಲೇ ಇತ್ತು. ಹುಡುಗ ಅದನ್ನು ಅಂಗೈಯಿಂದ ಒತ್ತಿ ಹಿಡಿದು ಕೂತಿದ್ದ.