ಆದವಾನಿಯ ಡಜನ್

ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಮಾತೆಲ್ಲ ಕ್ವಿಂಟಲ್ ಲೆಕ್ಕದ್ದು. ಅಲ್ಲಿಂದ ಹೊರಬಂದು ಬಾಳೆಹಣ್ಣಿನ ತಳ್ಳುಗಾಡಿಯ ಮುಂದೆ ನಿಂತರೆ ಪ್ರಶ್ನೆಯೇ ಬೇರೆ: ‘ಡಜನ್ ಎಷ್ಟು?’ ಬೆಂಗಳೂರಿನಲ್ಲಿ ಬಾಳೆಹಣ್ಣು ತಕ್ಕಡಿ ಏರುತ್ತದೆ. ಈ ಕಡೆ ಎಣಿಸಿ ಕೊಡುವುದೇ ರೂಢಿ.

ಕೇಳುವವರ ಮನೆಮಾತು ಮಾತ್ರ ಒಂದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಆದರೂ ಗಡಿಗೆ ಹತ್ತಿದ ಹಳ್ಳಿಗಳಲ್ಲಿ ಕನ್ನಡ ಉಳಿಯಿತು, ಕನ್ನಡ ಮಾಧ್ಯಮದ ಶಾಲೆಗಳೂ ಉಳಿದವು. ಪೇಟೆಗೆ ಬಂದ ಕನ್ನಡಿಗರಿಗೆ ಅದು ಹನ್ನೆರಡು, ತೆಲುಗರಿಗೆ ಪನ್ನೆಂಡು, ಉರ್ದು ಮಾತಾಡುವವರಿಗೆ ಬಾರಾ. ಡಜನ್ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಫ್ರೆಂಚರಿಂದ ಇಂಗ್ಲಿಷರಿಗೆ, ಇಂಗ್ಲಿಷರಿಂದ ನಮಗೆ ಬಂದ ಪದ ಇದು. ಇಲ್ಲಿ ಬೇರೂರಲು ಅದರ ಲೆಕ್ಕದ ಗುಣವೂ ನೆರವಾಯಿತು. ಹತ್ತನ್ನು ಮೂವರಿಗೆ, ನಾಲ್ವರಿಗೆ ಸಮನಾಗಿ ಹಂಚಲಾಗದು. ಹನ್ನೆರಡು ಇಬ್ಬರಿಗೂ ಮೂವರಿಗೂ ನಾಲ್ವರಿಗೂ ಆರು ಮಂದಿಗೂ ಸಮ. ಎಣಿಸಲು ಕೈಯೇ ಸಾಕು: ಹೆಬ್ಬೆರಳು ಮುಟ್ಟುತ್ತ ಹೋದರೆ ಉಳಿದ ನಾಲ್ಕು ಬೆರಳಿಗೆ ಮೂರರಂತೆ ಹನ್ನೆರಡು ಗೆಣ್ಣು.

ಹಳೆಯ ನಾಣ್ಯವೂ ಇದಕ್ಕೆ ಹೊಂದಿಕೊಂಡಿತ್ತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಡಜನ್‌ಗೆ ಒಂದು ಆಣೆಯಾದರೆ ಬಿಡಿ ಹಣ್ಣಿಗೆ ಒಂದು ಪೈ. ಡಜನ್‌ಗೆ ಒಂದು ರೂಪಾಯಿಯಾದರೆ ಬಿಡಿಗೆ ಒಂದು ಆಣೆ ನಾಲ್ಕು ಪೈ. ಚೂರೂ ಮಿಗುತ್ತಿರಲಿಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ನೂರನ್ನು ಹನ್ನೆರಡರಿಂದ ಭಾಗಿಸಿದರೆ ಎಂಟು ಪೈಸೆ, ಮೇಲೆ ಮೂರನೇ ಒಂದು ಪಾಲು. ಅದನ್ನು ಯಾರು ಕೊಡಬೇಕು? ಆಣೆ ಹೋಯಿತು, ಪೈ ಹೋಯಿತು, ಸೇರೂ ಹೋಯಿತು. ಡಜನ್ ಉಳಿಯಿತು.

ಎಲ್ಲ ಕಡೆಯೂ ಉಳಿದಿಲ್ಲ. ಮೊಟ್ಟೆಯ ಸಗಟು ದರವನ್ನು ಈಗ ನೂರರ ಲೆಕ್ಕದಲ್ಲಿ ಹೇಳುತ್ತಾರೆ, ಟ್ರೇಯಲ್ಲಿ ಇರುವುದು ಮೂವತ್ತು. ಪತ್ರಿಕೆಗಳ ‘ಡಜನ್‌ಗಟ್ಟಲೆ ಜನ’ ಎಂಬ ಮಾತಿನಲ್ಲಿ ಹನ್ನೆರಡರ ಖಚಿತತೆಯೇ ಇಲ್ಲ. ಹಲವರು ಎಂದಷ್ಟೇ ಅರ್ಥ.

ಬಳೆ ಅಂಗಡಿಯಲ್ಲಿ ಮಾತ್ರ ಅದು ಇಂದಿಗೂ ಕರಾರುವಾಕ್ಕು. ಗಾಜಿನ ಬಳೆ ಒಂದು ಡಜನ್ ಎಂದರೆ ಕೈಗೆ ಆರಾರು. ಹನ್ನೆರಡು ಡಜನ್ ಕೂಡಿದರೆ ಒಂದು ಗ್ರೋಸ್, 144 ಬಳೆ. ಸೀಮಂತದ ಮನೆಯವರು ಒಂದು ಗ್ರೋಸ್ ಒಯ್ದರೆ ಹನ್ನೆರಡು ಮುತ್ತೈದೆಯರ ಎರಡೂ ಕೈ ತುಂಬುತ್ತವೆ, ಒಂದು ಬಳೆಯೂ ಹೆಚ್ಚು ಕಡಿಮೆಯಾಗುವುದಿಲ್ಲ.