ಹಿಂಬದಿಯ ಪುಟ

ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸುಗಳ ಊರು. ಆ ಸಾಲಿನಲ್ಲಿ ನಮ್ಮದೂ ಒಂದು ಸಣ್ಣ ಪ್ರೆಸ್. ಮಾವನವರು ಅಚ್ಚುಮೊಳೆ ಜೋಡಿಸಿ, ಟ್ರೆಡಲ್ ತುಳಿದು ಕಟ್ಟಿದ್ದು. ಈಗ ಒಂದು ಆಫ್‌ಸೆಟ್ ಮಷಿನ್ ಇದೆ, ನಾಲ್ಕು ಜನ ಕೆಲಸದವರಿದ್ದಾರೆ. ಮದುವೆ ಹಂಗಾಮು ಮುಗಿದರೆ ಮಷಿನ್ ಮಲಗುತ್ತದೆ. ವಾಟ್ಸ್‌ಆ್ಯಪ್ ಬಂದ ಮೇಲಂತೂ ಲಗ್ನಪತ್ರಿಕೆಯೂ ಅರ್ಧಕ್ಕರ್ಧ ಆಗಿಹೋಗಿದೆ. ಹಾಗಾಗಿ ಯಾವುದಾದರೂ ಸರ್ಕಾರಿ ಕಚೇರಿಯ ರಿಜಿಸ್ಟರ್, ಫಾರ್ಮು, ರಸೀದಿ ಪುಸ್ತಕದ ಟೆಂಡರ್ ಸಿಕ್ಕರೆ ಅದೇ ನಮಗೆ ವರ್ಷದ ಅನ್ನ.

ಆ ಟೆಂಡರಿನ ಕಾಗದ ಪತ್ರ ಸಿದ್ಧ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬಿ.ಕಾಂ. ಓದಿದವಳು, ಕಂಪ್ಯೂಟರ್ ಬರುತ್ತದೆ ಅನ್ನೋದೇ ಅದಕ್ಕೆ ಕಾರಣ. ಇದರಲ್ಲೇನಿದೆ, ನಾಲ್ಕು ಕಾಗದ ಸ್ಕ್ಯಾನ್ ಮಾಡಿ ಪೋರ್ಟಲ್‌ಗೆ ಹಾಕೋದು ತಾನೇ ಅಂದುಕೊಂಡಿದ್ದೆ. ನಮ್ಮ ರೇಟು ಕಡಿಮೆ, ಕೆಲಸ ಅಚ್ಚುಕಟ್ಟು. ಇನ್ನೇನು ಬೇಕು?

ಮೊದಲ ಸಲವೇ ಬಿದ್ದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಥ ಟೆಂಡರಿನಲ್ಲಿ ಸಾಮಾನ್ಯವಾಗಿ ಎರಡು ಲಕೋಟೆ ಇರುತ್ತವೆ. ಒಂದು ತಾಂತ್ರಿಕ ಲಕೋಟೆ. ಅದರಲ್ಲಿ ನಿಮ್ಮ ಯೋಗ್ಯತೆಯ ಪುರಾವೆಗಳು: ಜಿ.ಎಸ್.ಟಿ. ನೋಂದಣಿ, ವಹಿವಾಟಿನ ಪ್ರಮಾಣಪತ್ರ, ಹಿಂದೆ ಮಾಡಿದ ಕೆಲಸದ ಪತ್ರ, ಅಫಿಡವಿಟ್ ಇತ್ಯಾದಿ. ಇನ್ನೊಂದು ಆರ್ಥಿಕ ಲಕೋಟೆ. ಅದರಲ್ಲಿ ರೇಟು. ಮೊದಲನೆಯದರಲ್ಲಿ ಪಾಸಾದವರ ಎರಡನೆಯದನ್ನು ಮಾತ್ರ ತೆರೆಯುತ್ತಾರೆ. ಈಗ ಎಲ್ಲಾ ಆನ್‌ಲೈನ್ ಆಗಿದ್ದರೂ ಲಕೋಟೆ ಅನ್ನುವ ಹೆಸರು ಉಳಿದಿದೆ.

ನಮ್ಮ ಎರಡನೇ ಲಕೋಟೆಯನ್ನು ಅವರು ತೆರೆಯಲೇ ಇಲ್ಲ. ಅಫಿಡವಿಟ್ಟಿನ ಮುಂದಿನ ಪುಟ ಮಾತ್ರ ಸ್ಕ್ಯಾನ್ ಮಾಡಿದ್ದೆ. ನೋಟರಿಯ ಸಹಿ, ಮೊಹರು ಇದ್ದದ್ದು ಹಿಂಬದಿಯಲ್ಲಿ! ಮೂಲ ಪ್ರತಿ ಹಿಡಿದುಕೊಂಡು ಕಚೇರಿಗೆ ಓಡಿದೆ. ಅಲ್ಲಿದ್ದವರು ಸಮಾಧಾನದಿಂದಲೇ ಟೆಂಡರ್ ಪ್ರಕಟಣೆಯ ಒಂದು ಸಾಲು ತೋರಿಸಿದರು. ಕೊನೆಯ ದಿನಾಂಕದ ನಂತರ ಯಾವುದೇ ದಾಖಲೆಯನ್ನು ಸ್ವೀಕರಿಸಲಾಗುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ನಾನು ಓದಿರಲಿಲ್ಲ.

ಠೇವಣಿ ಹಣ ವಾಪಸ್ ಬಂತು. ಕೆಲಸ ಬರಲಿಲ್ಲ. ಆ ಬೇಸಿಗೆಯಲ್ಲಿ ಬೈಂಡಿಂಗ್ ಕೆಲಸದ ಹುಡುಗಿಗೆ “ಒಂದೆರಡು ತಿಂಗಳು ಬಿಟ್ಟು ಬಾ” ಅಂತ ಹೇಳಬೇಕಾಯಿತು. ಹೇಳಿದ್ದು ನಮ್ಮ ಮನೆಯವರು. ತಲೆ ತಗ್ಗಿಸಿದ್ದು ನಾನು.

ಮಾವನವರು ಎರಡು ದಿನ ಏನೂ ಅನ್ನಲಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ ನಾನೇ ಸಿಟ್ಟು ಕಾರಿಕೊಂಡೆ.

“ಒಂದು ಪುಟ ಮಾವಾರ, ಬರೇ ಒಂದು ಪುಟ. ಮೂಲ ಕಾಗದ ಕೈಯಾಗ ಹಿಡಕೊಂಡು ನಿಂತಿದ್ದೆ. ನೋಡಿ ತಗೊಂಡಿದ್ರ ಅವರದೇನು ಗಂಟು ಹೋಗ್ತಿತ್ತು?”

ಅವರು ರೊಟ್ಟಿ ಮುರಿಯುತ್ತಾ ಹೇಳಿದರು. “ನಮ್ಮ ಕಾಲದಾಗ ಟೆಂಡರ್ ಪೆಟ್ಟಿಗಿ ಇರ್ತಿತ್ತವಾ. ಲಕೋಟಿಗೆ ಅರಗು ಹಾಕಿ ಮುದ್ರಿ ಒತ್ತಿ ಹಾಕ್ತಿದ್ವಿ. ಎಲ್ಲಾರ ಎದುರಿಗೆ ಬಿಚ್ಚಿ, ಸಾಹೇಬ್ರು ಹಾಳಿ ಹಾಳಿಗೂ ಸಹಿ ಮಾಡಬೇಕಿತ್ತು. ಒಂದು ಸಲ ಒಬ್ರು ಅವಸರದಾಗ ಮಾಡಲಿಲ್ಲ. ಮರುದಿನ ನೋಡಿದ್ರ ನನ್ನ ರೇಟಿಗಿಂತ ನಾಲ್ಕಾಣೆ ಕಡಿಮಿ ಇರೋ ಹಾಳಿ ಒಂದು ಒಳಗ ಸೇರಿತ್ತು. ನನಗ್ಯಾರೂ ಬಲ್ಲವರಿದ್ದಿಲ್ಲ, ಸುಮ್ಮನ ಮನಿಗೆ ಬಂದೆ. ಇವತ್ತು ನಿನ್ನ ಒಂದು ಹಾಳಿ ಒಳಗ ಬಿಟ್ರ, ನಾಳೆ ಮತ್ತೊಬ್ಬಂದು ಹತ್ತು ಹಾಳಿ ಒಳಗ ಬರ್ತಾವು. ಆಗ ಹೊರಗ ನಿಲ್ಲಾವ್ರು ನಮ್ಮಂಥವ್ರ.”

ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ಮಾತು ನಿಂತಿತು.

ಮುಂದಿನ ಟೆಂಡರ್ ಬಂದಾಗ ಮಾವನವರು ಕೆಂಪು ಪೆನ್ಸಿಲ್ ತೆಗೆದುಕೊಂಡು ನನ್ನ ಟೇಬಲ್ಲಿಗೆ ಬಂದರು. ಪ್ರಕಟಣೆಯನ್ನು ಪೂರ್ತಿ ಪ್ರಿಂಟ್ ಹಾಕಿಸಿದರು. “ತಕ್ಕದ್ದು” ಎಂದು ಮುಗಿಯುವ ವಾಕ್ಯಗಳು ಇರುತ್ತವಲ್ಲ, “ಸಲ್ಲಿಸತಕ್ಕದ್ದು”, “ಲಗತ್ತಿಸತಕ್ಕದ್ದು”, ಅಂಥವಕ್ಕೆಲ್ಲ ಗೆರೆ ಎಳೆದರು. ಮೂವತ್ತೊಂದು ಗೆರೆ ಬಂದವು. ಪ್ರತಿಯೊಂದಕ್ಕೂ ನಂಬರ್ ಕೊಟ್ಟು, ಅದಕ್ಕೆ ಉತ್ತರ ನಮ್ಮ ಫೈಲಿನ ಎಷ್ಟನೇ ಪುಟದಲ್ಲಿದೆ ಅಂತ ನಾನು ಪಟ್ಟಿ ಮಾಡಿದೆ. ಆ ಪಟ್ಟಿಯನ್ನೇ ಫೈಲಿನ ಮೊದಲ ಪುಟ ಮಾಡಿದೆ. ಪರಿಶೀಲಿಸುವವರು ಹುಡುಕಬೇಕಾಗಿಲ್ಲ, ನಮಗೂ ಏನು ಬಿಟ್ಟುಹೋಗಿದೆ ಅಂತ ಕಣ್ಣಿಗೆ ಹೊಡೆಯುತ್ತದೆ.

ಆಗ ಒಂದೊಂದೇ ಹುಳುಕು ಹೊರಬಿತ್ತು. ಸಿ.ಎ. ಕೊಟ್ಟ ವಹಿವಾಟಿನ ಪ್ರಮಾಣಪತ್ರ ಅವರದೇ ನಮೂನೆಯಲ್ಲಿತ್ತು, ಪ್ರಕಟಣೆ ಕೇಳಿದ್ದು ಅನುಬಂಧದ ನಮೂನೆಯಲ್ಲಿ. ಬದಲಿಸಿ ಬರೆಸಿದೆ. ಅದರ ಮೇಲಿನ 18 ಅಂಕಿಯ ಯು.ಡಿ.ಐ.ಎನ್. ಸಂಖ್ಯೆ ಸ್ಕ್ಯಾನಿನಲ್ಲಿ ಓದಲು ಬರುತ್ತದೆಯೇ ಅಂತ ನೋಡಿದೆ. ಒಂದು ಫೈಲು 5 ಎಂ.ಬಿ. ಮೀರಬಾರದು ಅಂತ ಇತ್ತು. ಮೊದಲ ಸಲ ನಾನು 600 ಡಿ.ಪಿ.ಐ.ನಲ್ಲಿ ಕಲರ್ ಸ್ಕ್ಯಾನ್ ಮಾಡಿ, ಆಮೇಲೆ ಗಾತ್ರ ಇಳಿಸಲು ಹೋಗಿ ಮೊಹರುಗಳನ್ನೆಲ್ಲ ಮಸಿಯ ಕಲೆ ಮಾಡಿದ್ದೆ. ಈ ಸಲ 200 ಡಿ.ಪಿ.ಐ. ಇಟ್ಟೆ. ಮೊಹರಿದ್ದ ಪುಟ ಮಾತ್ರ ಕಲರ್, ಉಳಿದದ್ದು ಕಪ್ಪು ಬಿಳುಪು. ಅಕ್ಷರವೂ ಸ್ಪಷ್ಟ, ಗಾತ್ರವೂ ಮಿತಿಯೊಳಗೆ.

ಇನ್ನೊಂದು ನಗುವಂಥ ವಿಷಯ. ಕನ್ನಡದ ಪತ್ರಗಳನ್ನು ನಾನು ನುಡಿಯಲ್ಲಿ, ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಸುಮ್ಮನೆ ಪರೀಕ್ಷೆಗೆ ಅಂತ ತಮ್ಮನ ಲ್ಯಾಪ್‌ಟಾಪಿಗೆ ಆ ವರ್ಡ್ ಫೈಲ್ ಕಳಿಸಿದರೆ, ಕನ್ನಡವೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ನಿಂತಿತ್ತು. ಆ ಫಾಂಟ್ ಅವನಲ್ಲಿ ಇರಲಿಲ್ಲ. ಊರಿಗೆಲ್ಲ ಅಕ್ಷರ ಅಚ್ಚು ಹಾಕಿಕೊಡುವವರ ಮನೆಯ ಪತ್ರದ ಗತಿ ಇದು! ಎಲ್ಲವನ್ನೂ ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ, ಪಿ.ಡಿ.ಎಫ್. ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಸಮಾಧಾನ.

ಕೊನೆಯ ದಿನಕ್ಕೆ ಇನ್ನೂ ಎರಡು ದಿನ ಇತ್ತು. ರಾತ್ರಿ ಊಟ ಆದ ಮೇಲೆ ಮಾವನವರು, “ಬಾ ಯವ್ವಾ, ಪ್ರೂಫ್ ನೋಡೂಣು” ಅಂದರು. ಪ್ರೆಸ್ಸಿನಲ್ಲಿ ಮೊದಲೆಲ್ಲ ಪ್ರೂಫ್ ನೋಡಲು ಇಬ್ಬರು ಕೂರುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಮೂಲ ಪ್ರತಿಯ ಮೇಲೆ ಬೆರಳಿಟ್ಟು ನೋಡುವುದು. ಬರೆದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ, ಕಿವಿಗೆ ಬಿದ್ದಾಗ ಮಾತ್ರ ಸಿಗುತ್ತದೆ ಅಂತ ಅವರ ನಂಬಿಕೆ.

ಅವರು ಒಂದೊಂದೇ “ತಕ್ಕದ್ದು” ಓದಿದರು, ನಾನು ಪುಟದ ಸಂಖ್ಯೆ ಹೇಳಿದೆ. ಮೂವತ್ತೊಂದೂ ಆಯಿತು. ನನಗೆ ನಿದ್ದೆ ಎಳೆಯುತ್ತಿತ್ತು. “ಈಗ ನಿನ್ನ ಪತ್ರ ಓದು, ನಾ ಕೇಳ್ತೀನಿ” ಅಂದರು. ತಾಂತ್ರಿಕ ಲಕೋಟೆಗೆ ಹಾಕುವ ಮುಖಪತ್ರ. ಹಳೆಯ ಕೊಟೇಶನ್ ಪತ್ರವನ್ನೇ ತೆಗೆದುಕೊಂಡು ತಿದ್ದಿದ್ದೆ. ಓದುತ್ತಾ ಹೋದೆ. “...ಪ್ರತಿ ಪುಸ್ತಕಕ್ಕೆ ನಲವತ್ತೆರಡು ರೂಪಾಯಿಯಂತೆ...”

“ನಿಲ್ಲವಾ.”

ನಿಂತೆ. ಕೈ ತಣ್ಣಗಾಯಿತು. ರೇಟು ಆರ್ಥಿಕ ಲಕೋಟೆಯಲ್ಲಿ ಮಾತ್ರ ಇರತಕ್ಕದ್ದು. ತಾಂತ್ರಿಕ ಲಕೋಟೆಯಲ್ಲಿ ಎಲ್ಲಾದರೂ ಕಾಣಿಸಿಕೊಂಡರೆ ತಿರಸ್ಕಾರ. ಅದಕ್ಕೂ ಮಾವನವರೇ ಕೆಂಪು ಗೆರೆ ಎಳೆದಿದ್ದರು, ನಾನೇ ಅದಕ್ಕೆ ನಂಬರ್ ಹಾಕಿದ್ದೆ. ಆ ಪತ್ರವನ್ನು ನಾನು ಕನಿಷ್ಠ ಹತ್ತು ಸಲ ಕಣ್ಣಾಡಿಸಿದ್ದೆ. ಒಂದು ಸಲವೂ ಆ ಸಾಲು ಕಂಡಿರಲಿಲ್ಲ.

ಮಾವನವರು ಬೈಯಲಿಲ್ಲ. “ತಗದು ಬಿಡು. ನಾಳೆ ಮತ್ತೊಮ್ಮಿ ಓದೂಣು” ಅಂತ ಎದ್ದರು.

ಮಾರನೇ ದಿನವೇ ಸಲ್ಲಿಸಿದೆವು. ಕೊನೆಯ ಗಂಟೆಗೆ ಕಾಯಬಾರದು. ಅಲ್ಲಿ ಲೆಕ್ಕಕ್ಕೆ ಬರುವುದು ಪೋರ್ಟಲ್ಲಿನ ಗಡಿಯಾರ, ನಮ್ಮ ಗೋಡೆಯದ್ದಲ್ಲ. ಪ್ರೆಸ್ ಮಾವನವರ ಹೆಸರಿನಲ್ಲಿದೆ, ಡಿಜಿಟಲ್ ಸಹಿಯೂ ಅವರದೇ. ಪೆನ್‌ಡ್ರೈವಿನಂಥ ಟೋಕನ್ ಚುಚ್ಚಿ, ಪಿನ್ ಒತ್ತಲು ಅವರನ್ನೇ ಕರೆದೆ. ಒಂದೊಂದೇ ಅಂಕಿ ಹುಡುಕಿ ಒತ್ತಿ, “ಇಷ್ಟ ಏನು ಸಹಿ?” ಅಂತ ಕೇಳಿದರು. ಅರಗಿನ ವಾಸನೆ ಇಲ್ಲದ ಮುದ್ರೆ ಅವರಿಗೆ ಸಪ್ಪೆ ಅನಿಸಿರಬೇಕು.

ಐದು ಜನ ಹಾಕಿದ್ದರು. ಮೂವರು ತಾಂತ್ರಿಕದಲ್ಲಿ ಪಾಸಾದರು, ಅದರಲ್ಲಿ ನಾವೂ ಇದ್ದೆವು. ನಮಗಿಂತ ಬಹಳ ದೊಡ್ಡ ಪ್ರೆಸ್ಸೊಂದು ಒಂದು ಅನುಬಂಧಕ್ಕೆ ಸಹಿ ಇಲ್ಲ ಅಂತ ಬಿತ್ತು. ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ, ಅಲ್ಲಿಯೂ ಆ ಫೈಲು ಕಟ್ಟಿದವರು ಯಾರೋ ಇರುತ್ತಾರಲ್ಲ, ಅವರ ರಾತ್ರಿ ಊಟ ಹೇಗಾಯಿತೋ ಅನಿಸಿತು. ದೊಡ್ಡವರಿಗೊಂದು, ನಮಗೊಂದು ಅಂತ ನಿಯಮ ಇರಲಿಲ್ಲ ಅನ್ನುವುದು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಕೆಲಸ ನಮಗೆ ಸಿಗಲಿಲ್ಲ. ಒಟ್ಟು ಮೊತ್ತದಲ್ಲಿ ₹2,300 ಹೆಚ್ಚಾಗಿ ಎರಡನೆಯವರಾದೆವು. ಮಾವನವರಿಗೆ ಹೇಗೆ ಹೇಳುವುದು ಅಂತ ಬಾಗಿಲಲ್ಲೇ ನಿಂತಿದ್ದೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

“ಲಕೋಟಿ ಬಿಚ್ಚಿದ್ರಿಲ್ಲೋ?”

“ಬಿಚ್ಚಿದ್ರು ಮಾವಾರ. ರೇಟಿನ್ಯಾಗ ಹೋತು.”

“ಹಂಗಾದ್ರ ಮುಂದಿನ ಸಲ ಕಾಗದದ ರೇಟು ನಾ ವಿಚಾರಸ್ತೀನಿ. ಅದು ನನ್ನ ಕೆಲಸ” ಅಂದು, ಕೆಂಪು ಪೆನ್ಸಿಲನ್ನು ನನ್ನ ಟೇಬಲ್ಲಿನ ಮೇಲೆಯೇ ಬಿಟ್ಟು ಮಷಿನ್ ಕಡೆ ಹೋದರು.