ಬಹುಮಟ್ಟಿಗೆ ಒರಿಜಿನಲ್

ಸ್ಟುಟ್‌ಗಾರ್ಟಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಒಂದು ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿದರು. ಕಾರು ಮಾರಬೇಕು, ಇಂಗ್ಲಿಷಿನಲ್ಲೊಂದು ಜಾಹೀರಾತು ಬರೆದುಕೊಡುತ್ತೀರಾ ಎಂದು ಕೇಳಿದರು. ಎರಡು ವರ್ಷದಿಂದ ಅವರ ಮಹಡಿಯಲ್ಲೇ ಇದ್ದರೂ ನಾನು ಆ ಗ್ಯಾರೇಜಿನೊಳಗೆ ಕಾಲಿಟ್ಟಿರಲಿಲ್ಲ. ಹೊದಿಕೆ ಸರಿಸಿದರು. ಒಳಗಿದ್ದದ್ದು 1962ರ ಪೋರ್ಷೆ 356.

ಬಳಸಿ ಬಳಸಿ ಸವೆದ ಸಾಬೂನಿನಂಥ ಆಕಾರ. ಎಲ್ಲೂ ಒಂದು ಚೂಪು ಮೂಲೆಯಿಲ್ಲ. ಎಂಜಿನ್ ಹಿಂದುಗಡೆ, ನಾಲ್ಕು ಸಿಲಿಂಡರು, 1600 ಸಿಸಿ, ತಂಪಾಗಲು ನೀರು ಬೇಡ, ಗಾಳಿ ಸಾಕು. ಈ ಕಾರು ಮೊದಲು ತಯಾರಾದದ್ದು 1948ರಲ್ಲಿ, ಆಸ್ಟ್ರಿಯಾದ ಗ್ಮುಂಡ್ ಎಂಬ ಊರಿನಲ್ಲಿ. 1950ರಿಂದ ನಮ್ಮ ಸ್ಟುಟ್‌ಗಾರ್ಟಿನ ಝುಫೆನ್‌ಹೌಸನ್‌ನಲ್ಲಿ. 1965ರ ಹೊತ್ತಿಗೆ ಸುಮಾರು 76 ಸಾವಿರ ಕಾರುಗಳು ಹೊರಬಂದವು. ಇಲ್ಲಿ ಅದರ ಬಾಡಿ ಕಟ್ಟುತ್ತಿದ್ದದ್ದು ರಾಯ್ಟರ್ ಎಂಬ ಕಂಪನಿ. ಇಂದು ರೇಸ್ ಕಾರುಗಳಲ್ಲಿ ಕಾಣುವ ರೆಕಾರೋ ಸೀಟಿನ ಹೆಸರಿನಲ್ಲಿ ಆ ರಾಯ್ಟರ್ ಇನ್ನೂ ಅಡಗಿದ್ದಾನೆ.

ಇಂಥ ಕಾರು ಕೊಳ್ಳುವವರು ಹೊಳಪು ನೋಡುವುದಿಲ್ಲ, ಸಂಖ್ಯೆ ನೋಡುತ್ತಾರೆ. ಎಂಜಿನ್ ಮೇಲೆ ಒತ್ತಿದ ಸಂಖ್ಯೆ ಕಾರ್ಖಾನೆಯ ಹಳೆಯ ಕಾರ್ಡಿನಲ್ಲಿದ್ದುದಕ್ಕೆ ತಾಳೆಯಾಗಬೇಕು. ಮುಂದಿನ, ಹಿಂದಿನ ಮುಚ್ಚಳಗಳ ಒಳಮೈಯಲ್ಲೂ ಚಾಸಿ ಸಂಖ್ಯೆಯ ಕೊನೆಯ ಅಂಕಿಗಳಿರುತ್ತವೆ. ಟಾರ್ಚ್ ಹಿಡಿದು ಒಂದೊಂದನ್ನೇ ಓದಿದೆವು. ಎಲ್ಲವೂ ಕೂಡಿ ಬಂದವು. ವಿದ್ಯುತ್ತು ಇನ್ನೂ ಹಳೆಯ 6 ವೋಲ್ಟಿನದೇ. ಡ್ರೈವರ್ ಮೊಣಕೈ ಊರುವ ಕಡೆ ಬಣ್ಣ ಸವೆದು ಒಳಗಿನ ಪ್ರೈಮರ್ ಇಣುಕುತ್ತಿತ್ತು. ಅದೇ ಈ ಕಾರಿನ ಬೆಲೆ ಎಂದರು ಮಾಲೀಕರು. ನನಗೆ ನಗು ಬಂತು. ನಮ್ಮಪ್ಪ ತಮ್ಮ ಬಜಾಜ್ ಚೇತಕ್ಕನ್ನು ಮಾರುವ ಹಿಂದಿನ ವಾರ ಅದಕ್ಕೆ ಅಡಿಯಿಂದ ಮುಡಿಯವರೆಗೆ ನೀಲಿ ಬಣ್ಣ ಹೊಡೆಸಿದ್ದರು.

ಜಾಹೀರಾತಿನಲ್ಲಿ ಕಾರು ಪೂರ್ತಿ ಒರಿಜಿನಲ್ ಎಂದು ಬರೆದೆ. ಅವರು ಒಪ್ಪಲಿಲ್ಲ. "ವೈಟ್‌ಗೇಹೆಂಡ್" ಎಂದರು. ಬಹುಮಟ್ಟಿಗೆ ಎಂದರ್ಥ. ಆ ಒಂದು ಪದಕ್ಕೆ ಎಷ್ಟೋ ಸಾವಿರ ಯೂರೋ ಇಳಿಯುತ್ತದಲ್ಲ ಎಂದೆ. ಇಳಿಯಲಿ ಎಂದರು. ಬ್ಯಾಟರಿ ಕೂರುವ ಮುಂದಿನ ತಳ ತುಕ್ಕು ಹಿಡಿಯುವುದು ಈ ಕಾರುಗಳ ಹಳೆಯ ಕಾಯಿಲೆ. ಇದರಲ್ಲೂ ಅಷ್ಟು ಜಾಗಕ್ಕೆ ಹೊಸ ತಗಡು ಬೆಸೆದಿತ್ತು. ಅದನ್ನು ಬರೆದುಕೊಂಡೆ. ಇನ್ನೇನಾದರೂ?

ಅವರು ಬಲಗಡೆಯ ಬಾಗಿಲಿನ ಮೇಲೆ ಕೈ ಇಟ್ಟರು.

1971ರಲ್ಲಿ ಅವರ ಹೆಂಡತಿ ಕಾರು ಒಳಗೆ ತರುವಾಗ ಗೇಟಿನ ಕಂಬಕ್ಕೆ ಆ ಬಾಗಿಲು ಉಜ್ಜಿತಂತೆ. ಡೊಂಕು ತೆಗೆಸಿ ಬಣ್ಣ ಹೊಡೆಸಿದರು. ವಾರದ ಕೆಲಸ. "ನಾನು ಬೈದೆ. ಬಹಳ ಬೈದೆ. ಆಮೇಲೆ ಅವಳು ಈ ಕಾರು ಓಡಿಸಲೇ ಇಲ್ಲ. ಕೀ ಕೊಡಲು ಹೋದರೂ ಬೇಡ ಅನ್ನುತ್ತಿದ್ದಳು." ಆಕೆ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಮೆಟ್ಟಿಲ ಬಳಿಯ ಫೋಟೋದಲ್ಲಿ ಮಾತ್ರ ನಾನು ಅವರನ್ನು ನೋಡಿದ್ದು. ಏನು ಹೇಳಬೇಕೋ ತಿಳಿಯಲಿಲ್ಲ. ಬಲ ಬಾಗಿಲಿಗೆ 1971ರಲ್ಲಿ ಮರುಬಣ್ಣ ಎಂದು ಸೇರಿಸಿದೆ. ಅಷ್ಟೇನಾ ಎಂದು ಕೇಳಿದರು. ಜಾಹೀರಾತಿಗೆ ಅಷ್ಟು ಸಾಕು ಎಂದೆ.

ಹಾಲೆಂಡಿನಿಂದ ಬಂದವನು ಬಣ್ಣದ ದಪ್ಪ ಅಳೆಯುವ ಚಿಕ್ಕ ಯಂತ್ರ ತಂದಿದ್ದ. ಕಾರಿನ ಮೈಗೆ ಒತ್ತುತ್ತಾ ಸುತ್ತು ಬಂದ. ಎಲ್ಲ ಕಡೆ ನೂರರ ಆಸುಪಾಸು ಮೈಕ್ರಾನ್, ಬಲ ಬಾಗಿಲಿನಲ್ಲಿ ಇನ್ನೂರೆಂಬತ್ತು. ಬರೆದದ್ದು ನಿಜವೆಂದು ತಲೆಯಾಡಿಸಿ ಚೌಕಾಸಿಗೆ ನಿಂತ. ಬ್ಯಾಟರಿ ತಳಕ್ಕೆ ಇವರು ಒಂದು ಯೂರೋ ಬಿಡಲಿಲ್ಲ. ಕೆಲಸ ಎಷ್ಟು ಅಚ್ಚುಕಟ್ಟಾಗಿದೆಯೆಂದು ಮಲಗಿ ತೋರಿಸಿದರು. ಬಾಗಿಲಿನ ಮಾತು ಬಂದಾಗ ಮಾತ್ರ ಅವನು ಕೇಳಿದಷ್ಟನ್ನೂ ಮರುಮಾತಿಲ್ಲದೆ ಇಳಿಸಿಬಿಟ್ಟರು, ದಂಡ ಕಟ್ಟುವವರ ಹಾಗೆ. ಅವನಿಗೇ ಆಶ್ಚರ್ಯವಾದಂತಿತ್ತು.

ಮುಂದಿನ ಗುರುವಾರ ಟ್ರೇಲರಿನ ಮೇಲೇರಿಸಿಕೊಂಡು ಹೋದ. ಗ್ಯಾರೇಜಿನಲ್ಲಿ ಎಣ್ಣೆಯ ಕಲೆಯೊಂದು ಉಳಿಯಿತು. ಸಂಜೆ ಮಾಲೀಕರು ಮೇಲೆ ಬಂದು, ನಿಮಗೆ ಗಾಡಿ ನಿಲ್ಲಿಸಲು ಜಾಗ ಬೇಕೇ ಎಂದು ಕೇಳಿದರು. ನನ್ನ ಹತ್ತಿರ ಇರುವುದು ಸೈಕಲ್ ಎಂದೆ.

"ಅದನ್ನೇ ತಂದು ನಿಲ್ಲಿಸಿ" ಎಂದರು.